ಮುಂದಿನ ಕತೆ ಬೆಳ್ಳಿತೆರೆಯ ಮೇಲೆ

ಹಳೇ ಸಿನಿಮಾಗಳ ಹಾಡಿನ ಪುಸ್ತಕ ಎಲ್ಲಾದರೂ ಸಿಕ್ಕರೆ ಹಾಡು ಬಿಡಿ, ಕಥಾಸಾರ ಓದಿ. ಈ ಬದಿಯ ಶಾಯಿ ಆ ಬದಿಗೆ ಇಣುಕುವಷ್ಟು ತೆಳು ಕಾಗದ. ಮೊದಲು ತಾರಾಗಣ, ಆಮೇಲೆ ಕತೆ. ಕತೆ ಒಳ್ಳೇ ಜೋರಾಗಿ ಶುರುವಾಗುತ್ತದೆ. ನಾಯಕ ಊರಿಗೆ ಬರುತ್ತಾನೆ, ನಾಯಕಿ ಸಿಗುತ್ತಾಳೆ, ಸಾಹುಕಾರನ ಮನೆಯಲ್ಲಿ ಒಂದು ಕೊಲೆಯಾಗುತ್ತದೆ. ಕೊಂದವರು ಯಾರು? ಆ ರಾತ್ರಿ ನಾಯಕನ ತಮ್ಮ ಎಲ್ಲಿದ್ದ? ಉತ್ತರವನ್ನು ಬೆಳ್ಳಿತೆರೆಯ ಮೇಲೆ ನೋಡಿ ಆನಂದಿಸಿ. ಮುಗೀತು. ಕೆಳಗೆ ಮೊದಲನೇ ಹಾಡು.

ಅದನ್ನು ಬರೆದವರ ಹೆಸರು ಎಲ್ಲೂ ಹಾಕುತ್ತಿರಲಿಲ್ಲ. ನನ್ನ ಪ್ರಕಾರ ನಮ್ಮ ಕಸುಬಿನ ಹಿರಿಯರು ಅವರೇ. ಎಷ್ಟು ಹೇಳಬೇಕು ಅನ್ನುವುದಕ್ಕಿಂತ ಎಲ್ಲಿ ಬಾಯಿ ಮುಚ್ಚಬೇಕು ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ನಾನು ಕ್ರೀಡಾ ಪ್ರಚಾರದವನು. ಟೂರ್ನಿ ನಡೆಸುವವರು, ತಂಡ ಕೊಂಡವರು, ಜೆರ್ಸಿ ಮೇಲೆ ತಮ್ಮ ಹೆಸರು ಹಾಕಿಸುವವರು, ಇವರೆಲ್ಲರ ಪರವಾಗಿ ಪತ್ರಿಕೆಗಳಿಗೆ ಸುದ್ದಿ ಮುಟ್ಟಿಸುತ್ತೇನೆ. ಪ್ರೆಸ್ ಮೀಟ್ ಇಡುತ್ತೇನೆ. ಸೋತು ಮುಖ ಸಣ್ಣದು ಮಾಡಿಕೊಂಡು ಬಂದ ಹುಡುಗನನ್ನು ಸ್ಪಾನ್ಸರ್ ಬ್ಯಾಕ್‌ಡ್ರಾಪ್ ಮುಂದೆ ನಿಲ್ಲಿಸಿ ಎರಡು ಮಾತು ಹೇಳಿಸುತ್ತೇನೆ. 'ಎಂದು ನಾಯಕ ತಿಳಿಸಿದರು' ಅಂತ ಬೆಳಿಗ್ಗೆ ಪೇಪರಿನಲ್ಲಿ ಓದ್ತೀರಲ್ಲ, ಎಷ್ಟೋ ಸಲ ಆ ಮಾತು ಬರೆದವನು ನಾನೇ. ನಾಯಕ ಬಸ್ಸಿನಲ್ಲಿ ಕೂತು ವಾಟ್ಸಾಪ್‌ನಲ್ಲಿ ಓದಿ 'ಓಕೆ ಸರ್' ಅಂದಿರುತ್ತಾನೆ, ಅಷ್ಟೇ.

ನಮಗೆ ಸಿಕ್ಕ ಸರಕು ಎಂಥದ್ದು ನೋಡಿ. ಸಿನಿಮಾದವರು ಕ್ಲೈಮ್ಯಾಕ್ಸ್ ಮುಚ್ಚಿಡಲು ಒದ್ದಾಡಬೇಕು. ಪತ್ತೇದಾರಿ ಬರೆಯುವವರು ಕೊಲೆಗಾರನನ್ನು ಕೊನೆಯ ತನಕ ಬಚ್ಚಿಡಬೇಕು. ಆಟದಲ್ಲಿ ಕೊನೆ ಏನಂತ ಆಡುವವರಿಗೇ ಗೊತ್ತಿಲ್ಲ. ಪುಕ್ಕಟೆ ಸಿಕ್ಕಿರುವ ಈ ಕುತೂಹಲವನ್ನು ನಾವು ಪ್ರಚಾರದವರು ಕೈಯಾರೆ ಹಾಳು ಮಾಡುತ್ತಿದ್ದೇವೆ ಅನ್ನೋದು ನನ್ನ ತಕರಾರು.

ಮೊನ್ನೆ ನಮ್ಮ ಆಫೀಸಿನ ಹುಡುಗಿ ಒಂದು ಕಬಡ್ಡಿ ಲೀಗಿನ ಪ್ರೆಸ್ ನೋಟ್ ತಂದು ತೋರಿಸಿದಳು. ಮೊದಲ ಸಾಲಿನಲ್ಲೇ 'ಹೈವೋಲ್ಟೇಜ್ ಮಹಾಕದನ'.

"ಏನಮ್ಮಾ, ಇದು ಲೀಗಿನ ಮೊದಲನೇ ಮ್ಯಾಚು. ಇವತ್ತೇ ಮಹಾಕದನ ಆದರೆ ಫೈನಲ್‌ಗೆ ಏನು ಬರೀತೀಯ?"

"ಸರ್, ಅದು ತೆಗೆದರೆ ಪೇಪರಿನ ಡೆಸ್ಕಿನವರು ಹಾಕಲ್ಲ. ಫೈನಲ್‌ಗೆ ಬೇರೆ ಏನಾದ್ರೂ ಹುಡುಕೋಣ."

ಅವಳು ಹೇಳಿದ್ದರಲ್ಲಿ ಸುಳ್ಳಿಲ್ಲ. ಸ್ಪಾನ್ಸರ್‌ಗೆ ಪಂದ್ಯಕ್ಕೆ ಮುಂಚೆಯೇ ಎಷ್ಟು ಜನ ನೋಡಿದರು, ಎಷ್ಟು ಜನ ಲಿಂಕ್ ಒತ್ತಿದರು ಅನ್ನುವ ಲೆಕ್ಕ ಬೇಕು. ಹಾಗಾಗಿ ವಾರ ಮೊದಲೇ ಸೇಡು, ಬೆಂಕಿ, ಬಿರುಗಾಳಿ ಎಲ್ಲ ಖರ್ಚಾಗಿರುತ್ತವೆ. ರೈಡರ್ ಅಂಕಣಕ್ಕೆ ಕಾಲಿಡುವ ಹೊತ್ತಿಗೆ ನೋಡುವವರಿಗೆ ಅರ್ಧ ಸುಸ್ತು.

ನಮ್ಮ ಕಸುಬು ಒಂದು ಒಳ್ಳೆಯ ಕತೆಯನ್ನು ಹೇಗೆ ನುಂಗಿ ಹಾಕುತ್ತದೆ ಅನ್ನುವುದಕ್ಕೆ 2020ರ ಕಂಬಳದ ಸುದ್ದಿ ನೆನಪಿಸಿಕೊಳ್ಳಿ. ದಕ್ಷಿಣ ಕನ್ನಡದ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು, ಅಂದರೆ ಕೋಣ ಓಡಿಸುವ ಕೆಸರಿನ ಹಾದಿಯನ್ನು, 13.62 ಸೆಕೆಂಡಿನಲ್ಲಿ ಓಡಿ ಮುಗಿಸಿದರು. ಯಾರೋ ಕ್ಯಾಲ್ಕುಲೇಟರ್ ಒತ್ತಿದರು. ನೂರು ಮೀಟರಿಗೆ 9.55 ಸೆಕೆಂಡ್ ಬಂತು. ಉಸೇನ್ ಬೋಲ್ಟ್ ದಾಖಲೆ 9.58. ಅಷ್ಟು ಸಾಕಾಯಿತು. ಕೆಲವೇ ದಿನದಲ್ಲಿ ದೇಶವೆಲ್ಲ ಅದೇ ಮಾತು. ಕೇಂದ್ರ ಕ್ರೀಡಾ ಸಚಿವರೇ ಟ್ರಯಲ್ಸ್‌ಗೆ ಕರೆದರು. ಕೆಸರಿನ ಓಟ ಬೇರೆ, ಟ್ರ್ಯಾಕಿನ ಓಟ ಬೇರೆ ಅಂತ ಕೊನೆಗೆ ಗೌಡರೇ ಹೇಳಬೇಕಾಯಿತು. ಅವರು ಟ್ರಯಲ್ಸ್‌ಗೆ ಹೋಗಲಿಲ್ಲ. ಆ ಗದ್ದಲದಲ್ಲಿ ತಲೆ ನೆಟ್ಟಗಿದ್ದವರು ಅವರೊಬ್ಬರೇ ಇರಬೇಕು.

ಕಸುಬುದಾರನಾಗಿ ಹೇಳುತ್ತೇನೆ, ಅದು ಭಲೇ ಪ್ರಚಾರ. ಒಂದೇ ಒಂದು ಭಾಗಾಕಾರ, ಒಂದು ರೂಪಾಯಿ ಖರ್ಚಿಲ್ಲ. ಆದರೆ ಕಂಬಳದ ಬಗ್ಗೆ ಜನರಿಗೆ ಏನು ತಿಳಿಯಿತು? ಏನೂ ಇಲ್ಲ. ಕನೆಹಲಗೆ ಅಂತ ಒಂದು ವಿಭಾಗ ಇದೆ. ಅಲ್ಲಿ ಯಾರು ಬೇಗ ಮುಟ್ಟಿದರು ಅನ್ನೋದು ಮುಖ್ಯವೇ ಅಲ್ಲ. ಕೋಣಗಳ ಹಿಂದೆ ಹಲಗೆಯ ಮೇಲೆ ನಿಂತ ಓಟಗಾರ ಕೆಸರು ನೀರನ್ನು ಎಷ್ಟು ಎತ್ತರಕ್ಕೆ ಚಿಮ್ಮಿಸಿದ ಅನ್ನೋದು ಲೆಕ್ಕ. ಕರೆಗೆ ಅಡ್ಡವಾಗಿ ಮೇಲೆ ಬಟ್ಟೆಯ ನಿಶಾನೆ ಕಟ್ಟಿರುತ್ತಾರೆ, ಆರೂವರೆ ಕೋಲು, ಏಳೂವರೆ ಕೋಲು ಅಂತ. ಕೋಲು ಅಂದರೆ ಅಲ್ಲಿಯ ಎತ್ತರದ ಅಳತೆ. ನೀರು ಅದಕ್ಕೆ ತಾಗಬೇಕು. ರಾತ್ರಿ ಲೈಟಿನ ಬೆಳಕಿನಲ್ಲಿ ಆ ನೀರು ಮೇಲೇಳುವಾಗ ಜನ ಓಟಗಾರನ ಕಡೆ ನೋಡುವುದೇ ಇಲ್ಲ. ಕತ್ತೆತ್ತಿ ಬಟ್ಟೆ ನೋಡುತ್ತಿರುತ್ತಾರೆ. ಇದನ್ನು ಹೇಳಿ ಅಲ್ಲಿಗೇ ನಿಲ್ಲಿಸಿದ್ದರೆ ಎಷ್ಟೋ ಜನ ಕಂಬಳ ನೋಡಲೆಂದೇ ಬಸ್ಸು ಹತ್ತುತ್ತಿದ್ದರು. ಬೋಲ್ಟ್ ಹೆಸರು ಕೇಳಿದವರು ಮನೆಯಲ್ಲೇ ಕೂತು ಫಾರ್ವರ್ಡ್ ಮಾಡಿದರು.

ಪ್ರಚಾರವೇ ಇಲ್ಲದೆ ಮೈದಾನ ತುಂಬಿದ್ದು ನೋಡಬೇಕೆಂದರೆ 2010ರ ಜನವರಿಗೆ ಹೋಗಬೇಕು. ಮೈಸೂರಿನ ಮಾನಸಗಂಗೋತ್ರಿಯ ಗಂಗೋತ್ರಿ ಗ್ಲೇಡ್ಸ್ ಮೈದಾನ. ಕರ್ನಾಟಕ ಮತ್ತು ಮುಂಬೈ ನಡುವೆ ರಣಜಿ ಕ್ರಿಕೆಟ್ ಫೈನಲ್. ಮುಂಬೈ 233, ನಾವು 130. ಅಲ್ಲಿಗೆ ಎಷ್ಟೋ ಜನ ಕತೆ ಮುಗೀತು ಅಂದುಕೊಂಡರು. ಮುಂಬೈ ಮತ್ತೆ 234. ಗೆಲ್ಲಲು 338 ಬೇಕು. ಮನೀಶ್ ಪಾಂಡೆ ಮತ್ತು ಗಣೇಶ್ ಸತೀಶ್ ನಿಂತುಬಿಟ್ಟರು. ಇನ್ನೂರು ದಾಟಿದ ಜೊತೆಯಾಟ. ಸಂಕ್ರಾಂತಿ ದಿನ ಬೇರೆ. ಹಬ್ಬದ ಊಟ ಬಿಟ್ಟು ಬಂದವರು, ಹಾಸ್ಟೆಲ್ ಹುಡುಗರು, ಲುಂಗಿಯಲ್ಲೇ ಓಡಿ ಬಂದವರು. ಕೂರಲು ಜಾಗ ಸಿಗದವರು ಮರ ಹತ್ತಿದರು. ಯಾರೂ ಪೋಸ್ಟರ್ ಅಂಟಿಸಿರಲಿಲ್ಲ. ರೇಡಿಯೋ, ಫೋನು, ಬಾಯಿ ಮಾತು, ಅಷ್ಟೇ.

ಇಂಥ ಪಂದ್ಯಕ್ಕೆ ನಾವು ಎರಡು ಪ್ರೆಸ್ ನೋಟ್ ಮೊದಲೇ ಬರೆದಿಟ್ಟುಕೊಳ್ಳುತ್ತೇವೆ. ಲ್ಯಾಪ್‌ಟಾಪ್‌ನಲ್ಲಿ ಒಂದು ಫೈಲಿನ ಹೆಸರು 'ಗೆದ್ದರೆ', ಇನ್ನೊಂದರದ್ದು 'ಸೋತರೆ'. ಮೊದಲನೆಯದರಲ್ಲಿ 'ಅಮೋಘ', ಎರಡನೆಯದರಲ್ಲಿ 'ದಿಟ್ಟ ಹೋರಾಟ'. ಪಾಂಡೆ 144 ಹೊಡೆದು ಔಟಾದರು. ಆಮೇಲೆ ವಿಕೆಟ್ ಬೀಳುತ್ತಾ ಹೋಯಿತು. ಬಾಲಂಗೋಚಿಗಳು ಒಂದೊಂದೇ ರನ್ ಕೂಡಿಸುತ್ತಾ 331ರ ತನಕ ತಂದರು. ಆರು ರನ್ ಸೋಲು. ಎರಡೂ ಫೈಲ್ ಕೆಲಸಕ್ಕೆ ಬರಲಿಲ್ಲ. 'ದಿಟ್ಟ ಹೋರಾಟ' ಅಂತ ಟೈಪ್ ಮಾಡುವಾಗ ನನಗೇ ನಾಚಿಕೆಯಾಯಿತು. ಮರದಿಂದ ಇಳಿದು ಸುಮ್ಮನೆ ಗೇಟಿನ ಕಡೆ ನಡೆಯುತ್ತಿದ್ದ ಆ ಜನಕ್ಕೆ ನಾನು ಏನಂತ ಬರೆದು ಹೇಳಲಿ? ಅವರು ನೋಡಿಯೇ ಬಂದಿದ್ದರಲ್ಲ.

ಇಲ್ಲಿ ನನ್ನ ವಾದಕ್ಕೆ ನಾನೇ ಅಡ್ಡಗಾಲು ಹಾಕಬೇಕು. ಕೊನೆ ಗೊತ್ತಿಲ್ಲದಿದ್ದರೆ ಮಾತ್ರ ಮಜಾ ಅನ್ನುವುದಾದರೆ, ನಮ್ಮ ಮಾವ 1974ರ ಕರ್ನಾಟಕ-ಬಾಂಬೆ ರಣಜಿ ಸೆಮಿಫೈನಲ್ ಹೇಳುವಾಗ ಮನೆ ಮಂದಿಯೆಲ್ಲ ಯಾಕೆ ಕೂತು ಕೇಳುತ್ತಿದ್ದೆವು? ಬಾಂಬೆ ಸತತ 15 ಸಲ ರಣಜಿ ಗೆದ್ದು ಬಂದಿತ್ತು. ಬೆಂಗಳೂರಿನಲ್ಲಿ ಪಂದ್ಯ. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ ಶತಕ. ಪ್ರಸನ್ನ ಅವರು ಗವಾಸ್ಕರ್‌ರನ್ನು ಬೌಲ್ಡ್ ಮಾಡಿದ ಚೆಂಡು ಮಾವನ ಬಾಯಲ್ಲಿ ವರ್ಷ ವರ್ಷಕ್ಕೂ ಜಾಸ್ತಿ ತಿರುಗುತ್ತಿತ್ತು. ಆಮೇಲೆ ವಾಡೇಕರ್. "ವಾಡೇಕರ್ ಕ್ರೀಸ್ ಬಿಟ್ಟ ಕಣ್ರೋ..." ಅಂದು ಮಾವ ಎಲೆಗೆ ಸುಣ್ಣ ಹಚ್ಚಲು ಶುರು ಮಾಡುತ್ತಿದ್ದರು. ನಿಧಾನಕ್ಕೆ. ಅಡಿಕೆ ಆರಿಸಿ, ಎಲೆ ಮಡಿಸಿ, ಬಾಯಿಗೆ ಹಾಕಿ, ಒಂದು ಸಲ ಅಗಿದು. ನಮಗೆಲ್ಲ ಗೊತ್ತು, ವಾಡೇಕರ್ ಕಾಲು ಜಾರಿ ರನ್ ಔಟ್ ಆಗುತ್ತಾರೆ, ಕರ್ನಾಟಕ ಫೈನಲ್‌ಗೆ ಹೋಗುತ್ತದೆ, ಮೊದಲ ಸಲ ರಣಜಿ ಗೆಲ್ಲುತ್ತದೆ. ಆದರೂ ಅತ್ತೆ ಒಳಗಿನಿಂದ ಕೂಗುತ್ತಿದ್ದರು, "ಬೇಗ ಔಟ್ ಮಾಡ್ರೀ ಅವನನ್ನ, ಹಾಲು ಉಕ್ತಿದೆ!"

ಕೊನೆ ಗೊತ್ತೋ ಇಲ್ಲವೋ ಅದು ಆಮೇಲಿನ ಮಾತು. ಹೇಳುವವನಿಗೆ ಸುಣ್ಣ ಯಾವಾಗ ಹಚ್ಚಬೇಕು ಅಂತ ಗೊತ್ತಿರಬೇಕು.

'ಬಂಗಾರದ ಮನುಷ್ಯ' ನೋಡಿ. 1972ರ ಸಿನಿಮಾ. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ನೋಡಿದವರೇ ಮತ್ತೆ ಮತ್ತೆ ನೋಡಿದರು. ವ್ಯವಸಾಯದ ಸಿನಿಮಾ ಅಂತಲೇ ಎಲ್ಲರೂ ಅದನ್ನು ನೆನೆಯುವುದು. ಆದರೆ ಅದರ ಮೂಲ ಕಾದಂಬರಿ ಬರೆದವರು ಟಿ.ಕೆ. ರಾಮರಾವ್, ಪತ್ತೇದಾರಿ ಕಾದಂಬರಿಗಳಿಗೆ ಹೆಸರಾದವರು. ಆ ಕಣ್ಣಿನಿಂದ ಇನ್ನೊಮ್ಮೆ ನೋಡಿ. ರಾಜೀವಪ್ಪ ಮನೆಯವರಿಂದ ಒಂದು ಗುಟ್ಟು ಮುಚ್ಚಿಟ್ಟಿದ್ದಾನೆ. ಅವನ ಮೇಲೆ ಅನುಮಾನ ಹುಟ್ಟುತ್ತದೆ. ಅವನು ಬಾಯಿ ಬಿಡುವುದಿಲ್ಲ. ಕೊಲೆಯಿಲ್ಲ, ಪೊಲೀಸರಿಲ್ಲ, ಆದರೂ ಒಳಗಿನ ಚೌಕಟ್ಟು ಪತ್ತೇದಾರಿಯದ್ದೇ. ಗುಟ್ಟು ಏನು ಅಂತ ಇಲ್ಲಿ ಹೇಳಲ್ಲ. ನೋಡದೇ ಇರುವ ಪುಣ್ಯಾತ್ಮರು ಒಬ್ಬರಾದರೂ ಇರಬಹುದು.

ನನಗೆ ಇನ್ನೂ ಜಾಸ್ತಿ ಇಷ್ಟ ದೊರೆ-ಭಗವಾನ್ ಜೋಡಿ ನಿರ್ದೇಶಿಸಿದ, ಸಿಐಡಿ 999 ಅನ್ನುವ ಗೂಢಚಾರನ ಸಿನಿಮಾಗಳು. 1968ರಲ್ಲಿ 'ಜೇಡರ ಬಲೆ' ಬಂತು. ಅಷ್ಟರಲ್ಲಾಗಲೇ ರಾಜ್‌ಕುಮಾರ್ ಕಬೀರ, ಹರಿಶ್ಚಂದ್ರ, ಕನಕದಾಸ ಎಲ್ಲ ಆಗಿ ಮುಗಿಸಿದ್ದರು. ಜನ ಕೈಮುಗಿದು ನೋಡುತ್ತಿದ್ದ ಮನುಷ್ಯನಿಗೆ ಸೂಟು ಹಾಕಿ ಕೈಗೆ ಪಿಸ್ತೂಲು ಕೊಡುವುದು ಅಂದರೆ ತಮಾಷೆಯಲ್ಲ. ಇವತ್ತು ಇಂಥ ಪ್ರಸ್ತಾಪ ಬಂದರೆ ನಮ್ಮಂಥವರು ಮೀಟಿಂಗ್ ಮೇಲೆ ಮೀಟಿಂಗ್ ಮಾಡಿ 'ಇಮೇಜ್‌ಗೆ ಧಕ್ಕೆ' ಅಂತ ಬರೆದು ಕೊಡುತ್ತೇವೆ. ಆ ಜನ ಮಾಡೇಬಿಟ್ಟರು, ಬೆನ್ನಿಗೇ ಗೋವಾಕ್ಕೂ ಕರೆದುಕೊಂಡು ಹೋದರು. ಸೆಟ್ಟುಗಳು ಈಗ ನೋಡಿದರೆ ನಗು ಬರುತ್ತದೆ, ಖಳನ ಅಡ್ಡೆಯಲ್ಲಿ ಮಿಣುಕುವ ಬಲ್ಬುಗಳು ಯಾಕಿವೆ ಅಂತ ಯಾರಿಗೂ ಗೊತ್ತಿಲ್ಲ. ಆದರೂ ಬಾಗಿಲ ಹಿಂದೆ ಯಾರೋ ಇದ್ದಾರೆ ಅನ್ನುವ ದೃಶ್ಯದಲ್ಲಿ ಕ್ಯಾಮೆರಾ ಬಾಗಿಲನ್ನು ನೋಡುತ್ತಾ ನಿಲ್ಲುತ್ತದೆ. ಈಗಿನ ಟ್ರೈಲರ್‌ಗಳಲ್ಲಿ ಆ ಬಾಗಿಲು ತೆಗೆದು, ಒಳಗಿದ್ದವನನ್ನು ಹೊಡೆದು, ಹಾಡಿಗೂ ಕಳಿಸಿರುತ್ತಾರೆ.

ಸುನೀಲ್ ಕುಮಾರ್ ದೇಸಾಯಿ ಅವರ 'ತರ್ಕ' ಕೂಡ ಹಾಗೇ, 1989ರದ್ದು, ಹಾಡೇ ಇಲ್ಲ. ಹಾಡಿನ ಪುಸ್ತಕ ಮಾರುವವರ ಹೊಟ್ಟೆಗೆ ಹೊಡೆದ ಸಿನಿಮಾ ಅಂತ ನಾನು ಅದಕ್ಕೆ ತಮಾಷೆ ಮಾಡುವುದುಂಟು.

ಇನ್ನು ಪುಸ್ತಕ. ನಮ್ಮ ಕಾಲದ ಅರ್ಧ ಊರಿಗೆ ಓದುವ ಚಟ ಹತ್ತಿಸಿದವರು ಎನ್. ನರಸಿಂಹಯ್ಯ. ಮೇಷ್ಟರುಗಳು ಒಪ್ಪದಿದ್ದರೂ ಅದೇ ನಿಜ. ಸ್ವತಃ ಪ್ರೈಮರಿಯಲ್ಲೇ ಶಾಲೆ ಬಿಟ್ಟವರು, 500ಕ್ಕೂ ಹೆಚ್ಚು ಕಾದಂಬರಿ ಬರೆದರು. ಅವರ ಪತ್ತೇದಾರ ಪುರುಷೋತ್ತಮನನ್ನು ಹಿಂಬಾಲಿಸಿಕೊಂಡೇ ಎಷ್ಟೋ ಜನ ಕೂಡಿಸಿ ಓದುವುದು ಕಲಿತರು. ನಮಗೆ ಹಳದಿ-ಕೆಂಪು ಬಾವುಟ ಕೊಟ್ಟ ಮ. ರಾಮಮೂರ್ತಿ ಕೂಡ ಪತ್ತೇದಾರಿ ಕಾದಂಬರಿಕಾರರೇ. ನವೆಂಬರ್ ಭಾಷಣಗಳಲ್ಲಿ ಇದನ್ನು ಯಾರೂ ಹೇಳಲ್ಲ. ಹೇಳಿದರೆ ಬಾವುಟಕ್ಕೆ ಏನು ಕಮ್ಮಿಯಾಗುತ್ತೋ ನನಗಂತೂ ತಿಳಿಯದು.

ತಿಪಟೂರಿನಲ್ಲಿ ನಮ್ಮ ಬೀದಿಯ ಕೊನೆಗೆ ಒಂದು ಸರ್ಕ್ಯುಲೇಟಿಂಗ್ ಲೈಬ್ರರಿ ಇತ್ತು. ದಿನಕ್ಕೆ ನಾಲ್ಕಾಣೆ. ಅಂಗಡಿಯವರು ಪ್ರತಿ ಪುಸ್ತಕಕ್ಕೂ ರಟ್ಟು ಹಾಕಿ ದಬ್ಬಳದಲ್ಲಿ ಹೊಲಿಯುತ್ತಿದ್ದರು. ಹೊಲಿಗೆ ಎಷ್ಟು ಬಿಗಿ ಅಂದರೆ ಸಾಲಿನ ಮೊದಲ ಅಕ್ಷರ ಕಾಣಲು ಪುಸ್ತಕವನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿಯಬೇಕಿತ್ತು. ಅಲ್ಲೊಂದು ಪತ್ತೇದಾರಿ ಕಾದಂಬರಿಗೆ ಕೊನೆಯ ಹಾಳೆಯೇ ಇರಲಿಲ್ಲ. ಅದಕ್ಕೂ ನಾಲ್ಕಾಣೆಯೇ. ಕೇಳಿದರೆ "ಮುಕ್ಕಾಲು ಭಾಗ ಇದೆಯಲ್ಲಪ್ಪ" ಅನ್ನುತ್ತಿದ್ದರು. ಓದಿದವರು ಸುಮ್ನೆ ಬಿಡಲಿಲ್ಲ. ರಟ್ಟಿನ ಒಳಬದಿಯಲ್ಲಿ ಪೆನ್ಸಿಲಿನಲ್ಲಿ ತಮ್ಮ ತಮ್ಮ ತೀರ್ಪು ಬರೆದಿಟ್ಟಿದ್ದರು. 'ಅಡುಗೆ ಭಟ್ಟ.' 'ತಂಗಿ ಗಂಡ, ಖಂಡಿತ.' 'ಡಾಕ್ಟ್ರು. ಪುಟ 61 ಸರಿಯಾಗಿ ಓದಿ.' ಅದರ ಕೆಳಗೆ ಹೆಣ್ಣುಮಕ್ಕಳ ಅಚ್ಚುಕಟ್ಟಾದ ಅಕ್ಷರದಲ್ಲಿ, 'ಪುಟ 61 ಓದಿದೆ. ಡಾಕ್ಟ್ರು ಅಲ್ಲ.'

ನಾನೂ ಪುಟ 61 ಓದಿದೆ, ಒಂದಲ್ಲ ಹತ್ತು ಸಲ. ನನಗೂ ಡಾಕ್ಟ್ರ ಮೇಲೇ ಅನುಮಾನ.

ಆ ಪುಸ್ತಕ ಈಗ ಹುಡುಕುತ್ತಿದ್ದೇನೆ. ಹೆಸರು ನೆನಪಿಲ್ಲ, ಬರೆದವರೂ ನೆನಪಿಲ್ಲ. ಮುಖಪುಟದಲ್ಲಿ ಹಸಿರು ಕಾರು, ಅದರ ಪಕ್ಕ ಬಿಳಿ ಕೈಗವಸು ಹಾಕಿದ ಒಂದು ಕೈ. ಕತೆ ನಡೆಯುವುದು ಮಡಿಕೇರಿ ಕಡೆಯ ಒಂದು ಎಸ್ಟೇಟ್ ಬಂಗಲೆಯಲ್ಲಿ. ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಗಳಲ್ಲಿ ಕೇಳಿ ನೋಡಿದೆ, ಸಿಗಲಿಲ್ಲ. ನಿಮ್ಮಲ್ಲಿ ಯಾರ ಮನೆಯ ಅಟ್ಟದ ಮೇಲಾದರೂ ಇದ್ದರೆ ತಿಳಿಸಿ. ಪುಸ್ತಕದ ಹೆಸರು ಮಾತ್ರ ಹೇಳಿ.