ಗಜನಿಗೆ ಬಂದ ಜಪಾನಿನ ನೆಂಟರು

ಕುಮಟಾದ ಕಡೆ ನಮ್ಮ ಭಾವ ಹೊಸ ಮನೆ ಕಟ್ಟಿಸಿದ್ದಾರೆ. ಮನೆಯ ಬಗ್ಗೆ ಹೇಳುವಂಥದ್ದೇನಿಲ್ಲ. ಮುಂದೆ ನಾಲ್ಕು ಕಂಬ, ಒಳಗೆ ಯಾರೂ ಕೂರದ ಸೋಫಾ. ಹೇಳಬೇಕಾದದ್ದು ಹಿತ್ತಿಲಿನ ಕೋಯಿ ಮೀನಿನ ಕೊಳದ ಕತೆ.

ಜಾಗ ಮೊದಲು ಗಜನಿಯಾಗಿತ್ತು. ಭರತಕ್ಕೆ ಅಘನಾಶಿನಿ ಹೊಳೆಯ ಉಪ್ಪುನೀರು ಒಳಗೆ ಬಂದು ಇಳಿತಕ್ಕೆ ಹೊರಗೆ ಹೋಗುತ್ತಿದ್ದ ಗದ್ದೆ. ಮಳೆಗಾಲದಲ್ಲಿ ಉಪ್ಪು ತಾಳುವ ಕಗ್ಗದ ಭತ್ತ, ಕೊಯ್ಲು ಮುಗಿದ ಮೇಲೆ ಶೆಟ್ಲಿ, ಅಂದರೆ ಸಿಗಡಿ, ಮತ್ತೆ ಮೀನು. ಯಾರೂ ಮೀನು ಕೊಂಡು ತಂದವರಲ್ಲ, ಪಂಪು ಹಾಕಿದವರಲ್ಲ. ಆ ಖಾತೆಯನ್ನೆಲ್ಲ ಆಕಾಶದ ಚಂದ್ರನೇ ನೋಡಿಕೊಳ್ಳುತ್ತಿದ್ದ. ಆಮೇಲೆ ಒಡ್ಡು ಒಡೆಯಿತು. ಕಟ್ಟುವವರಿಲ್ಲದೆ ಗದ್ದೆ ಹಡಿಲು ಬಿತ್ತು. ಹಡಿಲಿನ ಮೇಲೆ ಕೆಂಪು ಮಣ್ಣು ಬಿತ್ತು, ಮಣ್ಣಿನ ಮೇಲೆ ಸೈಟು ಎದ್ದಿತು, ಸೈಟಿನ ಬಾಯಿಗೆ ‘ಲೇಕ್ ವ್ಯೂ’ ಎಂಬ ಫಲಕ ಬಂತು. ನೀರಿದ್ದಾಗ ಆ ಜಾಗಕ್ಕೆ ಇಂಗ್ಲಿಷ್ ಹೆಸರೇ ಇರಲಿಲ್ಲ.

2024ರಲ್ಲಿ ಅಘನಾಶಿನಿ ಅಳಿವೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತಲ್ಲ, ಆ ಸುದ್ದಿಯ ತುಣುಕಿಗೆ ಭಾವ ಚೌಕಟ್ಟು ಹಾಕಿಸಿ ಹಜಾರದಲ್ಲಿ ತೂಗುಹಾಕಿದ್ದಾರೆ. “ನೋಡಿ ಭಾವ, ನಮ್ಮ ಸೈಟಿಗೆ ಈಗ ಅಂತರರಾಷ್ಟ್ರೀಯ ಬೆಲೆ” ಎಂದರು.

ಕೊಳ ಹದಿಮೂರು ಅಡಿ ಉದ್ದ, ಎಂಟು ಅಡಿ ಅಗಲ, ಐದು ಅಡಿ ಆಳ. ಐದು ಅಡಿ ಮಣ್ಣು ತುಂಬಿಸಲು ಒಂದು ಬಿಲ್ಲು, ಅದೇ ಐದು ಅಡಿ ಅಗೆಯಲು ಇನ್ನೊಂದು ಬಿಲ್ಲು. ಎರಡೂ ಒಬ್ಬನೇ ಜೆಸಿಬಿಯವನದು. ಅವನು ಯಾಕೆ ಎಂದು ಕೇಳಲಿಲ್ಲ. ನೀರು ನೆಲಕ್ಕೆ ಇಂಗಿ ಹಾಳಾಗದಂತೆ ತಳಕ್ಕೆ ಕಪ್ಪು ಹಾಳೆ ಹಾಸಲಾಯಿತು. ಉದ್ಘಾಟನೆಗೆ ಬಂದ ಗಣ್ಯರೊಬ್ಬರು ಆ ಹಾಳೆಯ ಅಂಚಿನಲ್ಲೇ ನಿಂತು ಅಂತರ್ಜಲದ ಬಗ್ಗೆ ಇಪ್ಪತ್ತು ನಿಮಿಷ ಮಾತನಾಡಿದರು.

ಇನ್ನು ಮೀನು. ಕೋಯಿ ಎಂದರೆ ಜಪಾನಿ ಭಾಷೆಯಲ್ಲಿ ಗೆಂಡೆ ಮೀನು, ಅಷ್ಟೇ. ಅಲ್ಲಿನ ನಿಗಾಟಾ ಸೀಮೆಯ ಗುಡ್ಡಗಾಡಿನ ರೈತರು ಗದ್ದೆಯ ನೀರಿನಲ್ಲಿ ಊಟಕ್ಕೆಂದು ಸಾಕಿದ ಗೆಂಡೆಗಳಲ್ಲಿ ಕೆಲವು ಬಣ್ಣ ತಾಳಿದವು. ಅವನ್ನೇ ಆರಿಸಿ ಆರಿಸಿ ಬೆಳೆಸಿದರು. 1914ರಲ್ಲಿ ಟೋಕಿಯೊದ ಪ್ರದರ್ಶನಕ್ಕೆ ಹೋದ ಮೇಲೆ ಅವು ದೊಡ್ಡ ಮನುಷ್ಯರಾದವು. ಅಂದರೆ ಭತ್ತದ ಗದ್ದೆ ಮುಚ್ಚಿ, ಅದರ ಮೇಲೆ ಭತ್ತದ ಗದ್ದೆಯ ಮೀನನ್ನೇ ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಆಮ್ಲಜನಕ ತುಂಬಿದ ಚೀಲದಲ್ಲಿ ತರಿಸಿದ್ದಾಯಿತು. ಮೀನು ಮಾರಲು ಬಂದವಳು ಬಗ್ಗಿ ನೋಡಿ, “ಒಡೆಯರೇ, ಇದು ಸಾರಿಗೋ, ಹುರಿಯುವುದಕ್ಕೋ?” ಎಂದಳು. ಭಾವ ಒಂದರ ಬೆಲೆ ಹೇಳಿದರು. ಅವಳು ತನ್ನ ಬುಟ್ಟಿಯ ಬಂಗಡೆಗಳನ್ನೊಮ್ಮೆ ಕನಿಕರದಿಂದ ನೋಡಿ ಎದ್ದು ಹೋದಳು.

ಆದರೆ ನಿಜವಾದ ಪ್ರಹಸನ ಉಪ್ಪಿನದು. ಗಜನಿಯ ಬಾವಿ ಎಂದ ಮೇಲೆ ನೀರು ಸವಳು. ಈ ನೆಂಟರು ಸಿಹಿನೀರಿನವರು. ಹಾಗಾಗಿ ಏಪ್ರಿಲ್ ಬಿಸಿಲಿನಲ್ಲಿ ಟ್ಯಾಂಕರ್ ಬಂತು, ಐದು ಸಾವಿರ ಲೀಟರಿನ ಮೂರು ಗಾಡಿ. ತಿರುವಿನಲ್ಲಿ ಕೊಡ ಇಟ್ಟುಕೊಂಡು ನಿಂತವರು ತಮಗೇ ಬಂತೆಂದು ಎದ್ದು, ಮತ್ತೆ ಕುಳಿತರು. ಮಾರನೆಯ ವಾರ ಒಂದು ಮೀನು ಓರೆಯಾಗಿ ಈಜತೊಡಗಿತು. ಭಾವ ಬೆಂಗಳೂರಿನ ಅಂಗಡಿಯವನಿಗೆ ಫೋನು ಮಾಡಿದರು. ಹೊಸ ಕೊಳದಲ್ಲಿ ಮೀನಿನ ಗಲೀಜನ್ನು ತಿಂದು ಕರಗಿಸುವ ಸೂಕ್ಷ್ಮಾಣುಗಳು ನೆಲೆಯೂರಲು ಕೆಲವು ವಾರ ಬೇಕು, ಅಲ್ಲಿಯವರೆಗೆ ಮೀನು ಬಳಲುತ್ತದೆ, ಸಾವಿರ ಲೀಟರಿಗೆ ಮೂರು ಕಿಲೋದಂತೆ ಉಪ್ಪು ಹಾಕಿ ಎಂದ ಅವನು. ಭಾವ ಲೆಕ್ಕ ಹಾಕಿದರು: ನಲವತ್ತೈದು ಕಿಲೋ. ರಿಕ್ಷಾದಲ್ಲಿ ಸಾಣಿಕಟ್ಟೆಯ ಹರಳುಪ್ಪು ಬಂತು. ಅದೂ ಇದೇ ಅಘನಾಶಿನಿಯ ನೀರು ಒಣಗಿ ಆದದ್ದು. ಬಕೆಟಿನಲ್ಲಿ ಕದಡಿ ಕದಡಿ ಸುರಿದೆವು. ಅಕ್ಕ ಒಂದು ಬೆರಳನ್ನು ಕೊಳಕ್ಕೆ ಅದ್ದಿ ನಾಲಿಗೆಗೆ ಇಟ್ಟುಕೊಂಡಳು, ಇನ್ನೊಂದು ಬೆರಳನ್ನು ಬಾವಿಯ ಕೊಡಕ್ಕೆ ಅದ್ದಿದಳು. ಏನೂ ಹೇಳದೆ ಒಳಗೆ ಹೋದಳು.

ಮಿಂಚುಳ್ಳಿ ಬಂತು, ಬೆಳ್ಳಕ್ಕಿ ಬಂತು. ಬಲೆ ಕಟ್ಟಿಸಿದರು. ಬಲೆಯ ಮೇಲೆ ಎಲೆ ಬಿದ್ದು ಈಗ ಮೀನೇ ಕಾಣುವುದಿಲ್ಲ, ಅದಿರಲಿ. ಮಳೆಗಾಲದಲ್ಲಿ ಕರೆಂಟು ಹೋದರೆ ಇನ್ವರ್ಟರ್ ಮೊದಲು ಕೊಳದ ಪಂಪಿಗೆ. ಮನೆಯವರಿಗೆ ಮೇಣದ ಬತ್ತಿ.

ಆಷಾಢದ ಅಮಾವಾಸ್ಯೆಯ ರಾತ್ರಿ ಮಳೆಯೂ ಭರತವೂ ಒಟ್ಟಿಗೆ ಏರಿದವು. ಅಘನಾಶಿನಿಗೆ ಹಳೆಯ ವಿಳಾಸ ಮರೆತಿರಲಿಲ್ಲ. ಬೆಳಿಗ್ಗೆ ನೋಡಿದರೆ ಹಿತ್ತಿಲು, ಕೊಳ, ರಸ್ತೆ ಎಲ್ಲ ಒಂದೇ ಮಟ್ಟ. ಫಲಕದಲ್ಲಿ ಬರೆದದ್ದು ಅಂದು ಮೊದಲ ಬಾರಿಗೆ ನಿಜವಾಗಿತ್ತು. ನೀರು ಇಳಿಯಿತು. ಬಲೆಯ ಕೆಳಗೆ ಕೋಯಿಗಳು ಇದ್ದಲ್ಲೇ ಇದ್ದವು. ಅವುಗಳ ನಡುವೆ ಬೆರಳುದ್ದದ, ಕಂಡೂ ಕಾಣದ ಬೂದು ಬಣ್ಣದ ಜೀವಿಗಳು ಹಿಂದಕ್ಕೆ ಚಿಮ್ಮುತ್ತಿದ್ದವು.

ಭಾವ ಗಾಬರಿಯಾಗಿ ಫೋಟೊ ತೆಗೆದು ಬೆಂಗಳೂರಿಗೆ ಕಳಿಸಿದರು: ಇವು ಯಾವ ಹುಳ, ಯಾವ ಔಷಧಿಗೆ ಹೋಗುತ್ತವೆ? ಉತ್ತರ ಬರುವಷ್ಟರಲ್ಲಿ ಅಕ್ಕ ಒಂದು ಜರಡಿ ತುಂಬ ಶೆಟ್ಲಿ ಎತ್ತಿ, ಕಾಯಿ ತುರಿಯಲು ಕುಳಿತಾಗಿತ್ತು.