ಅಮ್ಮನ ಎಲೆ ಅಡಿಕೆ ಚೀಲದಲ್ಲಿದ್ದ ಚೀಟಿ

ದೀಪಾವಳಿಗೆ ಊರಿಗೆ ಹೋದಾಗ ಅಮ್ಮನ ಎಲೆ ಅಡಿಕೆ ಚೀಲದಲ್ಲಿ ಮಡಚಿಟ್ಟ ಒಂದು ಚೀಟಿ ಸಿಕ್ಕಿತು. ಅದಕ್ಕೆ ನಾಲ್ಕು ತಿಂಗಳ ಮುಂಚೆ ಊರಿನ ಶಾಲೆಯಲ್ಲಿ ಕಣ್ಣಿನ ಕ್ಯಾಂಪ್ ನಡೆದಿತ್ತಂತೆ. ಅಮ್ಮನಿಗೆ ಹನ್ನೆರಡು ವರ್ಷದಿಂದ ಶುಗರ್ ಇದೆ. ಒಬ್ಬ ಹುಡುಗ ಪುಟ್ಟ ಕ್ಯಾಮೆರಾದಲ್ಲಿ ಕಣ್ಣಿನ ಹಿಂಭಾಗದ ಫೋಟೋ ತೆಗೆದ. ಎಐ ಅದನ್ನು ನೋಡಿ ಕೂತಲ್ಲೇ ಫಲಿತಾಂಶ ಕೊಟ್ಟಿತು. ಚೀಟಿಯಲ್ಲಿ ಇಂಗ್ಲಿಷಿನ ಒಂದೇ ಪದ: ರೆಫರ್. ಅಂದರೆ ಕಣ್ಣಿನ ಆಸ್ಪತ್ರೆಗೆ ಹೋಗಿ ತೋರಿಸಿ ಅಂತ.

"ಯಾಕಮ್ಮ ನನಗೆ ಹೇಳಲಿಲ್ಲ?" ಅಂದೆ.

"ಏನಾದ್ರೂ ಇದ್ದಿದ್ರೆ ಅವರೇ ಹೇಳ್ತಿದ್ರು ಅಲ್ವೇನೋ" ಅಂದಳು.

ಮರುವಾರ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಎರಡೂ ಕಣ್ಣಿನ ರೆಟಿನಾದಲ್ಲಿ, ಅಂದರೆ ಕಣ್ಣಿನ ಹಿಂಭಾಗದ ಪರದೆಯಲ್ಲಿ, ರಕ್ತ ಸೋರಿತ್ತು. ಲೇಸರ್ ಆಯಿತು. ಹೂ ಕಟ್ಟುವಾಗ ಬಲಗಣ್ಣಿಗೆ ಈಗಲೂ ದಾರ ಸರಿಯಾಗಿ ಕಾಣುವುದಿಲ್ಲ.

ಯಂತ್ರದ ತಪ್ಪೇನೂ ಇರಲಿಲ್ಲ. ಅದು ಸರಿಯಾಗಿಯೇ ಹೇಳಿತ್ತು. ಅದಕ್ಕೇ ನನಗೆ ಜಾಸ್ತಿ ಸಂಕಟ.

ಸಕ್ಕರೆ ಕಾಯಿಲೆ ಕಣ್ಣಿನ ಸಣ್ಣ ರಕ್ತನಾಳಗಳನ್ನು ಹಾಳು ಮಾಡುತ್ತದೆ. ಶುರುವಿನಲ್ಲಿ ನೋವಿಲ್ಲ, ಮಂಜಿಲ್ಲ. ಗೊತ್ತಾಗುವ ಹೊತ್ತಿಗೆ ಎಷ್ಟೋ ಸಲ ತುಂಬಾ ತಡವಾಗಿರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಬೆಂಬಲದ ಅಧ್ಯಯನ 2023ರಲ್ಲಿ ಕೊಟ್ಟ ಅಂದಾಜಿನಂತೆ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನಕ್ಕೆ ಶುಗರ್ ಇದೆ. ಇಷ್ಟು ಜನರ ಕಣ್ಣನ್ನು ವರ್ಷಕ್ಕೊಮ್ಮೆ ನೋಡಲು ರೆಟಿನಾ ಡಾಕ್ಟರುಗಳು ಎಲ್ಲಿದ್ದಾರೆ? ಇರುವವರೂ ಹೆಚ್ಚಾಗಿ ದೊಡ್ಡ ಊರುಗಳಲ್ಲೇ ಇದ್ದಾರೆ. ಹಾಗಾಗಿ ಈ ಕೆಲಸಕ್ಕೆ ಎಐ ಬೇಕೇ ಬೇಕು ಅನ್ನುವವನು ನಾನು.

2016ರಲ್ಲಿ ಗೂಗಲ್‌ನ ಸಂಶೋಧಕರು 1,28,175 ಫೋಟೋಗಳಿಂದ ಇಂಥದ್ದೊಂದು ಎಐಗೆ ಕಲಿಸಿದ್ದರು. ಅವುಗಳಲ್ಲಿ ಮಧುರೈನ ಅರವಿಂದ ಕಣ್ಣಿನ ಆಸ್ಪತ್ರೆ, ಚೆನ್ನೈನ ಶಂಕರ ನೇತ್ರಾಲಯ, ನಮ್ಮ ಬೆಂಗಳೂರಿನ ನಾರಾಯಣ ನೇತ್ರಾಲಯದ ಫೋಟೋಗಳೂ ಇದ್ದವು. ಅಂದರೆ ಅದು ಕಲಿತದ್ದರಲ್ಲಿ ನಮ್ಮವರ ಕಣ್ಣುಗಳ ಪಾಲೂ ಇದೆ. ಪರೀಕ್ಷೆಯಲ್ಲಿ ಅದು ಪಳಗಿದ ಡಾಕ್ಟರುಗಳಿಗೆ ಸರಿಸಾಟಿಯಾಗಿ ನಿಂತಿತು.

ಮುಂದೆ ಥಾಯ್ಲೆಂಡ್‌ನ 11 ಕ್ಲಿನಿಕ್‌ಗಳಲ್ಲಿ ಅದನ್ನು ಬಳಸಿ ನೋಡಿದರು. 2020ರಲ್ಲಿ ವರದಿ ಬಂತು. ಐದರಲ್ಲಿ ಒಂದಕ್ಕಿಂತ ಜಾಸ್ತಿ ಫೋಟೋಗಳನ್ನು ಯಂತ್ರ ಸ್ಪಷ್ಟವಾಗಿಲ್ಲ ಎಂದು ತಳ್ಳಿಹಾಕಿತ್ತು. ಫೋಟೋ ತೆಗೆಯುವ ಕೋಣೆಯಲ್ಲಿ ಬೇಕಾದಷ್ಟು ಕತ್ತಲೆ ಇರಲಿಲ್ಲ, ಇಂಟರ್‌ನೆಟ್ ಕೂಡ ನಿಧಾನ. ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡಿತು. ಕೆಲವು ನರ್ಸ್‌ಗಳು ರೋಗಿಗಳಿಗೆ ಈ ಅಧ್ಯಯನಕ್ಕೆ ಸೇರುವುದೇ ಬೇಡ ಎನ್ನುತ್ತಿದ್ದರಂತೆ. ಸುಮ್ನೆ ದೂರದ ಆಸ್ಪತ್ರೆಗೆ ಓಡಾಡಬೇಕಾಗುತ್ತದಲ್ಲ ಎಂಬ ಚಿಂತೆ. ಒಂದು ದಿನದ ಕೂಲಿ, ಬಸ್ ಚಾರ್ಜು, ಜೊತೆಗೆ ಬರುವವರು ಯಾರು? ನಮ್ಮೂರಿನ ಕಥೆಯೂ ಇದೇ ಅಲ್ವಾ?

ನಮ್ಮ ದೇಶದ 2020ರ ಟೆಲಿಮೆಡಿಸಿನ್ (ಫೋನ್, ವಿಡಿಯೋ ಮೂಲಕ ದೂರದಿಂದಲೇ ವೈದ್ಯರ ಸಲಹೆ) ಮಾರ್ಗಸೂಚಿಯ ಪ್ರಕಾರ ಎಐ ನೇರವಾಗಿ ರೋಗಿಗೆ ಸಲಹೆ ಕೊಡುವಂತಿಲ್ಲ, ಔಷಧಿ ಬರೆಯುವಂತಿಲ್ಲ. ಒಳ್ಳೆಯ ನಿಯಮ. ಹಾಗಾದರೆ ಯಂತ್ರ ಕಂಡದ್ದನ್ನು ರೋಗಿಗೆ ಹೇಳುವ ಮನುಷ್ಯ ಅಲ್ಲಿ ಇರಲೇಬೇಕು. ಅಮ್ಮನ ಕ್ಯಾಂಪಿನಲ್ಲಿ ಇಲ್ಲದೆ ಹೋದದ್ದು ಆ ಒಬ್ಬ ಮನುಷ್ಯ.

ಕ್ಯಾಂಪ್ ನಡೆಸುವವರು ಇದನ್ನು ಓದುತ್ತಿದ್ದರೆ ನನ್ನದೊಂದು ಬೇಡಿಕೆ. ಚೀಟಿ ಕನ್ನಡದಲ್ಲಿರಲಿ. ಯಾವ ಆಸ್ಪತ್ರೆಗೆ, ಎಷ್ಟು ದಿನದೊಳಗೆ ಹೋಗಬೇಕು ಅಂತ ಅದರಲ್ಲೇ ಬರೆಯಿರಿ. ಮಕ್ಕಳ ಫೋನ್ ನಂಬರ್ ಕೇಳಿ ತೆಗೆದುಕೊಳ್ಳಿ. ವಾರದ ನಂತರ ಒಂದು ಫೋನ್ ಮಾಡಿ, ಹೋದರಾ ಅಂತ ವಿಚಾರಿಸಿ. ಆಶಾ ಕಾರ್ಯಕರ್ತೆಯರಿಂದ ಈ ಕೆಲಸ ಮಾಡಿಸುವುದಾದರೆ ಅದಕ್ಕೆ ಬೇರೆಯಾಗಿ ದುಡ್ಡು ಕೊಡಿ. ಅವರ ತಲೆ ಮೇಲೆ ಈಗಾಗಲೇ ಬೇಕಾದಷ್ಟು ಹೊರೆ ಇದೆ. ಕ್ಯಾಮೆರಾಗೆ ಖರ್ಚು ಮಾಡುವ ಹಾಗೆ ಇದಕ್ಕೂ ಖರ್ಚು ಮಾಡಬೇಕು.

ನಿಮ್ಮ ಮನೆಯಲ್ಲಿ ಶುಗರ್ ಇರುವ ಹಿರಿಯರಿದ್ದರೆ, ಅವರು ಚೀಲದಲ್ಲಿ, ಡಬ್ಬಿಯಲ್ಲಿ, ದೇವರ ಫೋಟೋ ಹಿಂದೆ ಇಟ್ಟಿರುವ ಹಳೆ ಚೀಟಿಗಳನ್ನು ಇವತ್ತೇ ತೆಗೆದು ನೋಡಿ.