ಅಮ್ಮನ ಉಂಗುರ, ಅಂಗಡಿಯವರ ಕಣ್ಣಂದಾಜು

ಅಮ್ಮನ ಕೆಂಪು ಕಲ್ಲಿನ ಉಂಗುರ ಮಾರೋಣ ಅಂತ ಮೊನ್ನೆ ಕೋಲಾರದ ಪೇಟೆಯಲ್ಲಿ ಒಂದು ಅಂಗಡಿಗೆ ಹೋಗಿದ್ದೆ. ತೂಕ 5.20 ಗ್ರಾಂ ಬಂತು. ಅಂಗಡಿಯವರು ಉಂಗುರ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ, 'ಕಲ್ಲಿಗೆ 1.20 ಕಳೀಬೇಕು, ಚಿನ್ನ ನಾಲ್ಕೇ ಗ್ರಾಂ' ಅಂದುಬಿಟ್ಟರು. ಕೊಂಡಾಗ ಇದೇ ಅಂಗಡಿಯ ಬಿಲ್ಲಿನಲ್ಲಿ ಪೂರ್ತಿ 5.20 ಗ್ರಾಂಗೂ ಚಿನ್ನದ ರೇಟೇ ಹಾಕಿದೆ! ಪಕ್ಕದ ಕೆಜಿಎಫ್‌ನಲ್ಲಿ 2001ರಲ್ಲಿ ಗಣಿ ಮುಚ್ಚೋವರೆಗೂ ಟನ್‌ಗಟ್ಟಲೆ ಕಲ್ಲು ಪುಡಿ ಮಾಡಿ ಕೆಲವೇ ಗ್ರಾಂ ಚಿನ್ನ ತೆಗೀತಿದ್ದರು, ಇಲ್ಲಿ ನೋಡಿದ್ರೆ ಕಲ್ಲೇ ಚಿನ್ನ.

ಉಂಗುರ ವಾಪಸ್ ತಂದೆ. ಮನೇಲಿ 0.01 ಗ್ರಾಂ ತೋರಿಸೋ ಪುಟ್ಟ ಡಿಜಿಟಲ್ ತಕ್ಕಡಿ ಇತ್ತು. ಅದರ ಮೇಲೆ ಪ್ಲಾಸ್ಟಿಕ್ ಲೋಟದಲ್ಲಿ ನೀರಿಟ್ಟು ಸೊನ್ನೆ ಮಾಡಿ, ಉಂಗುರಕ್ಕೆ ದಾರ ಕಟ್ಟಿ ನೀರಲ್ಲಿ ಇಳಿಬಿಟ್ಟೆ. ತಳ ಮುಟ್ಟಬಾರದು, ಕಲ್ಲಿನ ಸಂದಿಯಲ್ಲಿ ಗಾಳಿ ಗುಳ್ಳೆಯೂ ಉಳಿಯಬಾರದು. ಮೂರು ಸಲ ನೋಡಿದೆ, ಮೂರು ಸಲವೂ 0.40. ಉಂಗುರ ಪಕ್ಕಕ್ಕೆ ತಳ್ಳಿದ ನೀರಿನ ತೂಕವೇ ತಕ್ಕಡಿಯಲ್ಲಿ ಕಾಣೋದು, ಒಂದು ಸಿಸಿ (ಘನ ಸೆಂಟಿಮೀಟರ್) ನೀರು ಒಂದು ಗ್ರಾಂ. ಅಂದ್ರೆ ಉಂಗುರದ ಗಾತ್ರ 0.40 ಸಿಸಿ.

ಲೆಕ್ಕ ಕಷ್ಟ ಇಲ್ಲ. 22 ಕ್ಯಾರೆಟ್ ಚಿನ್ನ ಒಂದು ಸಿಸಿಗೆ ಸುಮಾರು 17.7 ಗ್ರಾಂ ತೂಗುತ್ತೆ. 5.20 ಗ್ರಾಂ ಪೂರ್ತಿ ಚಿನ್ನವೇ ಆಗಿದ್ರೆ ಗಾತ್ರ 0.294 ಇರಬೇಕಿತ್ತು. ಮೇಲಿನ 0.106 ಕಲ್ಲಿನ ಕೆಲಸ. ಮಾಣಿಕ್ಯ, ಅಸಲಿಯಾಗಲಿ ಸಿಂಥೆಟಿಕ್ ಆಗಲಿ, ಸಿಸಿಗೆ ಸುಮಾರು 4 ಗ್ರಾಂ. ಹಾಗಾಗಿ ಒಂದು ಗ್ರಾಂ ಚಿನ್ನದ ಬದಲು ಒಂದು ಗ್ರಾಂ ಕಲ್ಲು ಕೂತ್ರೆ ಗಾತ್ರ 0.194 ಸಿಸಿ ಜಾಸ್ತಿ ಆಗುತ್ತೆ. 0.106ನ್ನು 0.194ರಿಂದ ಭಾಗಿಸಿ: ಕಲ್ಲು ಸುಮಾರು 0.55 ಗ್ರಾಂ, ಚಿನ್ನ 4.65. ತಕ್ಕಡಿ ಒಂದು ಅಂಕೆ ತಪ್ಪಿದ್ರೂ 0.05 ಗ್ರಾಂ ಆಚೀಚೆ ಅಷ್ಟೇ. ಕಲ್ಲಿನ ಕೆಳಗೆ ಅರಗು ತುಂಬಿದ್ರೆ ಅಥವಾ ಉಂಗುರ ಒಳಗೆ ಟೊಳ್ಳಾಗಿದ್ರೆ ಈ ಲೆಕ್ಕ ನಡೆಯಲ್ಲ. ಅಮ್ಮನದು ಕಲ್ಲಿನ ಹಿಂಬದಿ ತೆರೆದಿರೋ ಕಟ್ಟು, ಬಚಾವು.

ಹಾಲ್‌ಮಾರ್ಕ್ ಇದೆಯಲ್ಲ ಅಂತ ಸುಮ್ನಾಗ್ತೀವಿ, ಅಲ್ವಾ? ಅದರಲ್ಲಿರೋ 916 ಅಂದ್ರೆ ಆ ಲೋಹದಲ್ಲಿ ಸಾವಿರಕ್ಕೆ 916 ಪಾಲು ಚಿನ್ನ, ಅಂದ್ರೆ 22 ಕ್ಯಾರೆಟ್. ಕಲ್ಲೆಷ್ಟು ಅಂತ ಅದು ಹೇಳಲ್ಲ. 2023ರ ಏಪ್ರಿಲ್‌ನಿಂದ ಕಡ್ಡಾಯವಾದ ಆರು ಅಕ್ಷರದ ಎಚ್‌ಯುಐಡಿ (ಪ್ರತಿ ಒಡವೆಗೂ ಬೇರೆ ಬೇರೆ ಇರೋ ಗುರುತು) ನಂಬರೂ ಹೇಳಲ್ಲ. ಕೊಳ್ಳುವಾಗಲೇ ಕಲ್ಲು ಬಿಟ್ಟ ನಿವ್ವಳ ತೂಕ ಬಿಲ್ಲಿನಲ್ಲಿ ಬೇರೆಯಾಗಿ ಬರೆಸಿಕೊಳ್ಳಿ. ನಾವು ಬರೆಸಲಿಲ್ಲ.

ನಿನ್ನೆ ಮತ್ತೆ ಹೋಗಿ, ಕಲ್ಲು ಕಿತ್ತು ನನ್ನೆದುರೇ ತೂಗಿ ಅಂದೆ. ಮುಖ ಗಂಟಿಕ್ಕಿಕೊಂಡೇ ಕಿತ್ತರು. 4.63. ಕಲ್ಲನ್ನು ಚೀಟಿಯಲ್ಲಿ ಕಟ್ಟಿಸಿಕೊಂಡು ಬಂದೆ, ಅಮ್ಮ ಅದನ್ನು ಏಲಕ್ಕಿ ಡಬ್ಬಿಯಲ್ಲಿ ಹಾಕಿಟ್ಟಿದ್ದಾಳೆ.